ಮೊಣ್ಣಪ್ಪನ ಬೋಳು ಸೈಕಲ್ಲು

ಮೊಣ್ಣಪ್ಪನಿಗೂ ಅವನ ದೊಡ್ಡಪ್ಪನ ಮಗ ದೇರಪ್ಪನಿಗೂ ಮಾತು ನಿಂತದ್ದು ಆಸ್ತಿ ಪಾಲಾದ ವರ್ಷ. ಚೆಟ್ಟಳ್ಳಿಯಿಂದ ಸ್ವಲ್ಪ ಆಚೆ, ರಸ್ತೆಯಿಂದ ಗುಡ್ಡದ ನೆತ್ತಿಯವರೆಗೆ ಹಬ್ಬಿದ್ದ ಕುಟುಂಬದ ಜಮೀನು ಎರಡು ಹೋಳಾದಾಗ ರಸ್ತೆಬದಿಯ ಕಾಫಿ ತೋಟ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ, ಒಣಗಿಸುವ ಕಣ ಎಲ್ಲ ದೇರಪ್ಪನ ಪಾಲಿಗೆ ಹೋದವು. ಮೊಣ್ಣಪ್ಪನಿಗೆ ಉಳಿದದ್ದು ಗುಡ್ಡದ ಮೇಲಿನ ಸಣ್ಣ ಮನೆ, ಒಂದಷ್ಟು ಕಿತ್ತಳೆ ಗಿಡ, ಮತ್ತು ಯಾವ ಬೇಸಿಗೆಗೂ ಬತ್ತದ ಒಂದು ಒರತೆ. ಪಾಲು ಮಾಡಲು ಕೂತ ಹಿರಿಯರು ದೇರಪ್ಪನ ಮನೆಯಲ್ಲಿ ಕೋಳಿ ಸಾರು ಉಂಡೇ ಕೂತಿದ್ದರು ಎಂದು ಮೊಣ್ಣಪ್ಪ ಕೇಳಿದವರಿಗೆಲ್ಲ ಹೇಳುತ್ತಿದ್ದ. ದೇರಪ್ಪನಿಗೂ ತನ್ನದೇ ಸಿಟ್ಟಿತ್ತು. ಕುಟುಂಬದ ಖರ್ಚಿನಲ್ಲಿ ಮಡಿಕೇರಿಯಲ್ಲಿ ಓದಿ ಬಂದವನು, ಒಂದು ದಿನ ಗುದ್ದಲಿ ಹಿಡಿಯದವನು, ಸಮಪಾಲು ಕೇಳುವುದಕ್ಕೆ ಯಾವ ಬಾಯಿ ಎಂದು ಅವನ ವಾದ.

ಕಿತ್ತಳೆ ನಂಬಿ ಸಂಸಾರ ನಡೆಯುವುದಿಲ್ಲ. ಮೊಣ್ಣಪ್ಪ ಸುಂಟಿಕೊಪ್ಪದ ಒಂದು ಕಾಫಿ ಮಂಡಿಯಲ್ಲಿ ತೂಕದ ಗುಮಾಸ್ತನಾಗಿ ಸೇರಿಕೊಂಡ. ಹೋಗುವಾಗ ನಡಿಗೆ, ಬರುವಾಗ ನಡಿಗೆ. ಬಸ್ಸು ಉಂಟು, ಆದರೆ ಅದು ಬರುವ ಹೊತ್ತಿಗೆ ಮಂಡಿಯಲ್ಲಿ ಅರ್ಧ ಮೂಟೆಗಳು ತಕ್ಕಡಿ ದಾಟಿರುತ್ತಿದ್ದವು. ಮಂಡಿಯ ಯಜಮಾನ ಒಂದು ಬೆಳಿಗ್ಗೆ ಎಲ್ಲರೆದುರು, "ಗೌಡರಿಗೆ ನಿದ್ರೆ ತಿಳಿದ ಮೇಲೆ ತೂಕ ಶುರುಮಾಡೋಣವಂತೆ," ಎಂದ. ಕೂಲಿಗಳು ನಕ್ಕರು. ಮೊಣ್ಣಪ್ಪನ ಕಿವಿ ಕಾದ ಹೆಂಚಾಯಿತು. ಆ ಸಂಜೆ ಮನೆಗೆ ಬಂದವನು ಕಾಲು ತೊಳೆಯುವ ಮೊದಲೇ ಹೆಂಡತಿ ಸರೋಜಳಿಗೆ ಹೇಳಿದ, "ನಾನು ಸೈಕಲ್ ತಗೊಳ್ತೇನೆ."

ಸುದ್ದಿ ಗುಡ್ಡ ಇಳಿಯಲು ಎಷ್ಟು ಹೊತ್ತು? ಮಾರನೆಯ ದಿನವೇ ದೇರಪ್ಪನ ಮೇಸ್ತ್ರಿ ಅಪ್ಪಯ್ಯ ಮನೆ ಬಾಗಿಲಿಗೆ ಬಂದು, ತಲೆ ಕೆರೆದುಕೊಳ್ಳುತ್ತ ನಿಂತ. "ನಮ್ಮ ಗೌಡರು ಹೇಳಿ ಕಳಿಸಿದ್ದಾರೆ. ಪಾಲಿನ ಪತ್ರದಲ್ಲಿ ನಿಮಗೆ ಬಿಟ್ಟದ್ದು ನಡೆದಾಡುವ ದಾರಿ. ಗಾಡಿ ದಾರಿ ಅಲ್ಲ. ತೋಟದೊಳಗೆ ಸೈಕಲ್ ಬಿಡಕ್ಕಾಗೋದಿಲ್ಲ ಅಂತ."

ಮೊಣ್ಣಪ್ಪನ ಮನೆಯಿಂದ ರಸ್ತೆಗೆ ಇಳಿಯಲು ಬೇರೆ ದಾರಿಯೇ ಇರಲಿಲ್ಲ. ದೇರಪ್ಪನ ತೋಟದ ನಡುವೆ ಇಳಿದು ಹೋಗುವ ಕಾಲುದಾರಿ, ಕೊನೆಯಲ್ಲಿ ದನ ನುಗ್ಗದಂತೆ ಅಡ್ಡ ಬಿದಿರ ಗಳು ಕಟ್ಟಿದ ತಡಮೆ, ಅದನ್ನು ದಾಟಿದರೆ ರಸ್ತೆ. ಅವನು ಪಂಚೆ ಎತ್ತಿ ಕಟ್ಟಿಕೊಂಡು ನೇರ ದೇರಪ್ಪನ ಜಗಲಿಗೆ ಹೋದ. ವರ್ಷಗಳ ಮೇಲೆ ಅಲ್ಲಿಗೆ ಕಾಲಿಟ್ಟದ್ದು. ದೇರಪ್ಪ ಎಲೆಯಡಿಕೆ ಜಗಿಯುತ್ತ ಬೆಂಚಿನ ಮೇಲೆ ಕೂತಿದ್ದ. ಕೂರು ಎನ್ನಲಿಲ್ಲ.

"ಸೈಕಲ್ ಗಾಡಿಯಾ?" ಎಂದ ಮೊಣ್ಣಪ್ಪ.

"ಗಾಲಿ ಉಂಟಲ್ಲ."

"ಎತ್ತು ಕಟ್ಟುತ್ತಾರಾ ಅದಕ್ಕೆ?"

"ನೀನು ಹತ್ತಿ ಕೂತ ಮೇಲೆ ಬೇರೆ ಎತ್ತು ಯಾಕೆ?"

ಒಳಗಿಂದ ದೇರಪ್ಪನ ಹೆಂಡತಿ ಬೋಜಮ್ಮ ಬಾಗಿಲ ಸಂದಿಯಲ್ಲಿ ಇಣುಕಿ, ಬಂದವನು ಯಾರೆಂದು ನೋಡಿ, ಮಜ್ಜಿಗೆ ತರಬೇಕೋ ಬೇಡವೋ ತಿಳಿಯದೆ ಒಳಗೇ ಉಳಿದಳು. ಮೊಣ್ಣಪ್ಪ ಜಗಲಿಯಿಂದ ಇಳಿದವನೇ ಕಾಲು ನೆಲಕ್ಕೆ ಒರೆಸಿಕೊಂಡ, ಕೆಸರಿನ ಅಂಗಳಕ್ಕಿಂತ ಆ ಜಗಲಿಯೇ ಹೊಲಸು ಎನ್ನುವ ಹಾಗೆ. ದೇರಪ್ಪ ಅದನ್ನು ನೋಡಿದ.

ವ್ಯಾಜ್ಯ ನಾಡಿನ ಪಾರುಪತ್ತೆಗಾರರವರೆಗೆ ಹೋಯಿತು. ಕಂದಾಯದ ಕೆಲಸದ ಜೊತೆ ಬೇಲಿಯ ಜಗಳ, ನೀರಿನ ಜಗಳ, ಸತ್ತ ಹಂದಿಯ ಜಗಳ ಎಲ್ಲವನ್ನೂ ಕೇಳಿ ಕೇಳಿ ಸೋತ ಮನುಷ್ಯ. ಪಾಲಿನ ಪತ್ರ ಓದಿಸಿಕೊಂಡರು. "ನಡೆದು ಹೋಗಲಿಕ್ಕೂ ತಲೆಹೊರೆ ಒಯ್ಯಲಿಕ್ಕೂ" ಎಂದಿತ್ತು. ಅವರು ಕನ್ನಡಕ ತೆಗೆದು, ಹಾವೂ ಸಾಯದಂತೆ ಕೋಲೂ ಮುರಿಯದಂತೆ ಒಂದು ತೀರ್ಮಾನ ಹೇಳಿದರು: "ಹತ್ತಿದರೆ ಅದು ಗಾಡಿ. ಹೊತ್ತರೆ ಹೊರೆ. ಮೊಣ್ಣಪ್ಪ ತೋಟದೊಳಗೆ ಸೈಕಲ್ಲನ್ನು ಹೊತ್ತುಕೊಂಡು ಹೋಗಬಹುದು. ಗಾಲಿ ನೆಲ ಮುಟ್ಟಬಾರದು."

ದೇರಪ್ಪ ಮೀಸೆಯೊಳಗೆ ನಕ್ಕ. ಸೈಕಲ್ಲು ಹೊತ್ತುಕೊಂಡು ಗುಡ್ಡ ಹತ್ತುವ ಹುಚ್ಚ ಇರುತ್ತಾನೆಯೇ? ಆ ನಗೆಯೇ ಮೊಣ್ಣಪ್ಪನನ್ನು ಮುಂದಿನ ಶನಿವಾರ ಫ್ರೇಜರ್‌ಪೇಟೆಯ ಬಸ್ಸು ಹತ್ತಿಸಿತು. ಕುಶಾಲನಗರವನ್ನು ಆಗ ಎಲ್ಲರೂ ಫ್ರೇಜರ್‌ಪೇಟೆ ಎಂದೇ ಕರೆಯುತ್ತಿದ್ದರು.

ಅಲ್ಲಿ ಹಾಸನದ ಕಡೆಯಿಂದ ಬಂದು ನೆಲೆಯಾದ ರೇವಣ್ಣನ ಸೈಕಲ್ ಅಂಗಡಿ. ರೇವಣ್ಣನಿಗೆ ಮಾತೆಂದರೆ ಎಣ್ಣೆ ಹಾಕಿದ ಚೈನು. ಗಿರಾಕಿಯ ಬಿಳಿ ಅಂಗಿ ನೋಡಿದ್ದೇ ತಡ, ಮುಂದಿನ ಸಾಲಿನಲ್ಲಿ ಹೊಳೆಯುತ್ತಿದ್ದ ಸೈಕಲ್ಲಿನ ಸೀಟು ತಟ್ಟಿದ. "ಇದು ನೋಡಿ ಸ್ವಾಮಿ. ಮೂರು ಗೇರು. ನಿಮ್ಮ ಗುಡ್ಡ ಗಿಡ್ಡ ಎಲ್ಲ ಇದಕ್ಕೆ ಲೆಕ್ಕಕ್ಕಿಲ್ಲ. ಡೈನಮೋ ಲೈಟು. ಚೈನಿಗೆ ಪೂರ್ತಿ ಕವರು, ಪಂಚೆಗೆ ಒಂದು ಚುಕ್ಕೆ ಎಣ್ಣೆ ತಾಗಕಿಲ್ಲ."

ಮೊಣ್ಣಪ್ಪ ಬಗ್ಗಿ, ಆ ಸೈಕಲ್ಲಿನ ಹೊಟ್ಟೆಗೆ ಕೈ ಹಾಕಿ, ಎತ್ತಿ ಬಲ ಹೆಗಲ ಮೇಲೆ ಇಟ್ಟುಕೊಂಡ. ಅಂಗಡಿಯಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದ. ಇಳಿಸಿದ. "ಭಾರ," ಎಂದ.

ರೇವಣ್ಣ ಬಾಯಿ ತೆರೆದುಕೊಂಡು ನೋಡುತ್ತಿದ್ದಂತೆ ಮುಂದಿನದನ್ನು ಎತ್ತಿದ. ಅದೂ ಭಾರ. ಅದರ ಮುಂದಿನದರ ಹ್ಯಾಂಡಲ್ಲು ತಿರುಗಿ ಕೆನ್ನೆಗೆ ಬಡಿಯಿತು.

"ಏನ್ರೀ, ಸೈಕಲ್ ಕೊಳ್ಳಕೆ ಬಂದಿದ್ದೀರೋ, ಶನಿವಾರಸಂತೇಲಿ ಕುರಿ ಕೊಳ್ಳಕೆ ಬಂದಿದ್ದೀರೋ?" ರೇವಣ್ಣನ ದನಿ ಏರಿತು. "ಸೈಕಲ್ನ ನಾವು ಹತ್ತಬೇಕು. ಅದು ನಮ್ಮನ್ನ ಹತ್ತಬಾರದು."

"ನನ್ನ ಹೆಗಲು. ನಿನಗೇನು?"

"ಪೆಯಿಂಟು ಹೋದರೆ ನನಗೇ ಅಲ್ಲವೇನ್ರಿ!"

ಮೊಣ್ಣಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನಿಗೆ ಬೇಕಾದದ್ದು ಅವನಿಗೆ ಸ್ಪಷ್ಟವಿತ್ತು. ಭಾರ ಕಡಿಮೆ ಇರಬೇಕು, ಅದಕ್ಕಿಂತ ಹೆಚ್ಚಾಗಿ ಕೆಡುವಂಥದ್ದು ಏನೂ ಇರಬಾರದು. ಚೆಟ್ಟಳ್ಳಿಯ ಸುತ್ತ ಸೈಕಲ್ ರಿಪೇರಿ ಮಾಡುವವನು ಒಬ್ಬನೂ ಇಲ್ಲ. ಸೈಕಲ್ಲು ಕೆಟ್ಟು ಒಂದು ದಿನ ಮಂಡಿಗೆ ತಡವಾದರೂ ಯಜಮಾನನ ನಾಲಿಗೆ ಕಾದಿರುತ್ತದೆ, ಒಂದು ದಿನ ನಡೆದು ಹೋದರೂ ದೇರಪ್ಪನ ಮೀಸೆ ಕಾದಿರುತ್ತದೆ. ಗೇರಿನ ಒಳಗೆ ಏನಿದೆಯೋ ಬ್ರಹ್ಮನಿಗೇ ಗೊತ್ತು. ಚೈನಿನ ಮುಚ್ಚಳದೊಳಗೆ ಕೆಂಪು ಕೆಸರು ಹೊಕ್ಕರೆ ಹೊರಗೆ ಬರುವುದಿಲ್ಲ. ತಂತಿಯ ಬ್ರೇಕು ಒಂದು ಮಳೆಗಾಲಕ್ಕೆ ತುಕ್ಕು ಹಿಡಿದು ಕೂರುತ್ತದೆ.

ಕೊನೆಗೆ ಅಂಗಡಿಯ ಹಿಂದೆ, ಹಳೆಯ ಟಯರುಗಳ ಪಕ್ಕ ಗೋಡೆಗೆ ಒರಗಿಸಿದ್ದ ಒಂದು ಕಪ್ಪು ಸೈಕಲ್ಲು ಕಣ್ಣಿಗೆ ಬಿತ್ತು. ಯಾರೋ ಬಳಸಿ ಬಿಟ್ಟದ್ದು. ಒಂದೇ ಗೇರು, ಕಬ್ಬಿಣದ ಕಂಬಿಯ ಬ್ರೇಕು. ಎತ್ತಿದ. ಹೆಗಲಿಗೆ ಸರಿಯಾಗಿ ಕೂತಿತು.

"ಇದರ ಕ್ಯಾರಿಯರ್ ಬಿಚ್ಚು," ಎಂದ.

"ಗಂಟು ಎಲ್ಲಿ ಇಡ್ತೀರಿ?"

"ಬಿಚ್ಚು. ಸ್ಟ್ಯಾಂಡೂ ಬಿಚ್ಚು. ಈ ಚೈನಿನ ತಗಡೂ ಬೇಡ."

ರೇವಣ್ಣ ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದ. "ಹಬ್ಬಕ್ಕೆ ಕೋಳಿ ಪುಕ್ಕ ಕೀಳಿಸ್ದಂಗೆ ಕೀಳಿಸ್ತಾ ಇದ್ದೀರಲ್ರಿ! ಈ ಬೋಳು ಸೈಕಲ್ಲು ನನ್ನ ಅಂಗಡೀದು ಅಂತ ಯಾರ ಹತ್ರವೂ ಹೇಳಬೇಡಿ." ಕೊನೆಗೆ ಬೆಲ್ಲೊಂದನ್ನು ಉಳಿಸಿಕೊಟ್ಟ, ಅದೂ ಪೊಲೀಸರು ಹಿಡಿಯುತ್ತಾರೆಂದು. ಮಡ್‌ಗಾರ್ಡುಗಳನ್ನು ಮಾತ್ರ ಮೊಣ್ಣಪ್ಪನೇ ಬೇಡವೆನ್ನಲಿಲ್ಲ. ಕೆಸರು ಬೆನ್ನ ಮೇಲೆ ಬರೆದುಕೊಂಡು ಮಂಡಿಗೆ ಹೋದರೆ ಕೂಲಿಗಳಿಗೆ ಇನ್ನೊಂದು ನಗೆ.

ಸರೋಜ ಆ ಸೈಕಲ್ಲನ್ನು ಸುತ್ತಿ ಬಂದು ನೋಡಿ, ಒಳಗೆ ಹೋಗಿ ಹಳೆಯ ಗೋಣಿ ತಂದು ಮೇಲಿನ ಕಂಬಿಗೆ ದಪ್ಪವಾಗಿ ಸುತ್ತಿ ಹೊಲಿದಳು. ಹೊಲಿಯುತ್ತ ಒಂದೇ ಮಾತು, "ನಮ್ಮ ಹಣೆಬರಹಕ್ಕೆ ಸೈಕಲ್ಲಿಗೂ ನೊಗ."

ಮೊದಲ ಬೆಳಿಗ್ಗೆ ಸೈಕಲ್ಲು ಹೊತ್ತು ಇಳಿಯುವಾಗ ಹಿಂದೆ ಹೆಜ್ಜೆ ಸಪ್ಪಳ ಕೇಳಿತು. ಅಪ್ಪಯ್ಯ. ಗಾಲಿ ನೆಲ ಮುಟ್ಟುತ್ತದೋ ಎಂದು ನೋಡಿಕೊಂಡು ಬರಲು ದೇರಪ್ಪ ಅವನನ್ನೇ ನೇಮಿಸಿದ್ದ. ಬೆಳಿಗ್ಗೆ ಇಳಿಯುವಾಗ ಹಿಂದೆ, ಸಂಜೆ ಏರುವಾಗಲೂ ಹಿಂದೆ. ಮೊಣ್ಣಪ್ಪ ಉಸಿರು ಬಿಡಲು ನಿಂತರೆ ಅವನೂ ನಿಲ್ಲುತ್ತಿದ್ದ. ನಿಂತರೂ ಸೈಕಲ್ಲು ಕೆಳಗೆ ಇಳಿಸುವಂತಿರಲಿಲ್ಲ. ರಸ್ತೆ ಸಿಕ್ಕಿದ ಮೇಲೆ ಮಾತ್ರ ಮೊಣ್ಣಪ್ಪ ಅರಸ. ಬೋಳು ಸೈಕಲ್ಲು ಸದ್ದಿಲ್ಲದೆ ಓಡುತ್ತಿತ್ತು. ಏರಿನಲ್ಲಿ ಇಳಿದು ತಳ್ಳುತ್ತಿದ್ದ, ಇಳಿಜಾರಿನಲ್ಲಿ ಅಂಗಿ ಉಬ್ಬುತ್ತಿತ್ತು. ಮಂಡಿಯ ಬಾಗಿಲು ತೆಗೆಯುವ ಮೊದಲೇ ಅಲ್ಲಿ ನಿಂತಿರುತ್ತಿದ್ದ. ಯಜಮಾನನಿಗೆ ಹೇಳಲು ಮಾತೇ ಉಳಿಯಲಿಲ್ಲ.

ಅದನ್ನು ಸಹಿಸುವವನಲ್ಲ ದೇರಪ್ಪ. ಮಳೆ ಹಿಡಿದ ಮೇಲೆ ತಡಮೆಗೆ ಇನ್ನೊಂದು ಗಳು ಏರಿಸಿದ. ಕಾಲುದಾರಿಯ ಇಕ್ಕೆಲದ ಕಾಫಿ ಗಿಡಗಳ ರೆಂಬೆ ಸವರಬಾರದೆಂದು ಆಳುಗಳಿಗೆ ತಾಕೀತು ಮಾಡಿದ. ಅವು ಬೆಳೆದು ಪೆಡಲಿಗೆ ಸಿಕ್ಕಿ ಎಳೆಯುತ್ತಿದ್ದವು. ಜಿಗಣೆ ಕಾಲಿಗೆ ಹತ್ತಿದರೆ ಬಗ್ಗಿ ಕಿತ್ತೆಸೆಯಲು ಕೈ ಖಾಲಿ ಇಲ್ಲ. ಕಂಬಳಿ ಕೊಪ್ಪೆಯ ಮೇಲೆ ಸೈಕಲ್ಲು, ಸೈಕಲ್ಲಿನ ಮೇಲೆ ಮಳೆ. ಮೊಣ್ಣಪ್ಪ ಹಲ್ಲು ಕಚ್ಚಿ ಹೊತ್ತ. ಒಂದೊಂದು ಹೆಜ್ಜೆಗೂ ದೇರಪ್ಪನ ಹೆಸರು ಹಿಡಿದು ಬಯ್ಯುತ್ತಿದ್ದ, ಹಿಂದೆ ಬರುವ ಅಪ್ಪಯ್ಯನಿಗೆ ಕೇಳಲಿ ಎಂದೇ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಬಲ ಹೆಗಲ ಮೇಲೆ ಒಂದು ಕುರು ಎದ್ದಿತು. ಎಡ ಹೆಗಲಿಗೆ ಬದಲಿಸಿದ. ಅಭ್ಯಾಸವಿಲ್ಲದ ಹೆಗಲು, ಒಂದು ಬೆಳಿಗ್ಗೆ ಇಬ್ಬನಿಯ ಕಲ್ಲಿನ ಮೇಲೆ ಕಾಲು ಜಾರಿ, ಸೈಕಲ್ಲಿನ ಸಮೇತ ಬಿದ್ದ. ಕುರು ಒಡೆದು ಅಂಗಿಯೆಲ್ಲ ಕೀವು ರಕ್ತ.

ಕಾಫಿ ಹಣ್ಣು ಕೊಯ್ಯಲು ಶುರುವಾಗಿತ್ತು. ಗಿಡಗಳ ನಡುವೆ ನಿಂತಿದ್ದ ದೇರಪ್ಪ ಹತ್ತಿರ ಬಂದ. ಬಿದ್ದವನನ್ನು ನೋಡಲಿಲ್ಲ, ಸೈಕಲ್ಲನ್ನು ನೋಡಿದ. "ಅಪ್ಪಯ್ಯ, ಗಾಲಿ ನೆಲ ಮುಟ್ಟಿತಾ ಇಲ್ಲವಾ?"

"ಮುಟ್ಟಿತು ಗೌಡ್ರೆ," ಎಂದ ಅಪ್ಪಯ್ಯ, ಮುಖ ಬೇರೆ ಕಡೆ ತಿರುಗಿಸಿ.

"ನೆನಪಿಟ್ಟುಕೋ. ಪಾರುಪತ್ತೆಗಾರರ ಮುಂದೆ ಹೇಳಬೇಕಾಗುತ್ತದೆ."

ಮೊಣ್ಣಪ್ಪ ಕೂತಲ್ಲಿಂದಲೇ ಉಗುಳಿದ. ಉಗುಳು ದೇರಪ್ಪನ ಕಾಲವರೆಗೆ ಹೋಗಲಿಲ್ಲ, ಆದರೆ ಯಾರಿಗೆಂದು ಎಲ್ಲರಿಗೂ ತಿಳಿಯಿತು.

ಮೇಲಿನಿಂದ ಸದ್ದು ಕೇಳಿ ಸರೋಜ ಓಡಿ ಬಂದಳು. ಗಂಡನ ಹೆಗಲು ನೋಡಿದಳು, ಭಾವನ ಮುಖ ನೋಡಿದಳು. ಸೆರಗು ಸೊಂಟಕ್ಕೆ ಬಿಗಿದು ಬಗ್ಗಿ ಸೈಕಲ್ಲನ್ನು ಎತ್ತಿ ತನ್ನ ಹೆಗಲಿಗೆ ಏರಿಸಿಕೊಂಡಳು. ಕೊಯ್ಯುತ್ತಿದ್ದ ಹೆಂಗಸರ ಕೈಗಳು ನಿಂತವು. ಆ ಮನೆತನದ ಸೊಸೆ ಹೀಗೆ ತೋಟದ ನಡುವೆ, ಹಿರಿ ಭಾವನ ಎದುರಲ್ಲಿ, ಗಂಡಾಳಿನಂತೆ ಸೈಕಲ್ಲು ಹೊತ್ತು ನಡೆದದ್ದನ್ನು ಅವರು ಕಂಡಿರಲಿಲ್ಲ. ತಡಮೆಯ ಹತ್ತಿರ ಅವಳು ತಿರುಗಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು:

"ಭಾವ, ನಾನು ಸತ್ತರೆ ಹೆಣವನ್ನೂ ಹೊತ್ತೇ ಒಯ್ಯುತ್ತಾರೆ. ಅದಕ್ಕೆ ನಿಮ್ಮ ಅಪ್ಪಣೆ ಬೇಡವಲ್ಲ?"

ದೇರಪ್ಪ ಬೆನ್ನು ತಿರುಗಿಸಿದ. ಮೊಣ್ಣಪ್ಪ ಹೆಂಡತಿಯ ಹಿಂದೆ ಬರಿಗೈಯಲ್ಲಿ ನಡೆಯುತ್ತ ತಲೆ ಎತ್ತಲಿಲ್ಲ. ಬಿದ್ದದ್ದಕ್ಕಿಂತ, ಕುರು ಒಡೆದದ್ದಕ್ಕಿಂತ ಆ ನಡಿಗೆ ಅವನನ್ನು ಸುಟ್ಟಿತು. ರಸ್ತೆಯಲ್ಲಿ ಸೈಕಲ್ಲು ಹತ್ತುವಾಗ ಅವಳ ಮುಖ ನೋಡಲೂ ಆಗಲಿಲ್ಲ.

ಹೆಗಲು ಮಾಯುವವರೆಗೆ ದಿನಾ ಅವಳೇ ಹೊತ್ತಳು. ಅಷ್ಟು ದಿನವೂ ಮೊಣ್ಣಪ್ಪನ ತಲೆಯಲ್ಲಿ ಒಂದೇ ಯೋಚನೆ. ಒರತೆಯದು. ದೇರಪ್ಪನ ಪಲ್ಪರಿಗೆ ನೀರು ಬರುತ್ತಿದ್ದದ್ದು ಮೊಣ್ಣಪ್ಪನ ಅಂಗಳದ ಪಕ್ಕದ ಕಾಲುವೆಯಿಂದ. ಕೊಯ್ದ ಹಣ್ಣನ್ನು ಅಂದೇ ಸಿಪ್ಪೆ ಬಿಡಿಸಿ, ಬೀಜದ ಲೋಳೆಯನ್ನು ನೀರಲ್ಲಿ ತೊಳೆದು ತೆಗೆಯಬೇಕು. ಇಲ್ಲದಿದ್ದರೆ ಹುಳಿತು ನಾರುತ್ತದೆ. ಅಜ್ಜನ ಕಾಲದಿಂದ ಹರಿಯುವ ನೀರು. ಎಷ್ಟು ಜಗಳವಾಡಿದರೂ ಅದನ್ನು ಮುಟ್ಟಬಾರದು ಎನ್ನುವುದು ಅವನಿಗೆ ಹೇಳದೆ ಗೊತ್ತಿದ್ದ ಮಾತು. ಒಂದು ಬೆಳಿಗ್ಗೆ, ಸರೋಜಳ ಹೆಗಲ ಮೇಲೂ ಕೆಂಪು ಬರೆ ಎದ್ದಿದ್ದನ್ನು ಕಂಡವನು, ಗುದ್ದಲಿ ತಗೊಂಡು ಹೋಗಿ ಕಾಲುವೆಯ ಬಾಯಿಗೆ ಮಣ್ಣು ಎಳೆದು, ನೀರನ್ನು ಕಾಡಿನ ಕಡೆಯ ಹಳ್ಳಕ್ಕೆ ತಿರುಗಿಸಿಬಿಟ್ಟ. ನಿಂತು ನೋಡಿದ. ಎದೆ ಹಗುರಾಯಿತು, ಗುದ್ದಲಿಯನ್ನು ಮಾತ್ರ ಕಣ್ಣಿಗೆ ಕಾಣದ ಮೂಲೆಗೆ ಎಸೆದ.

ಸಂಜೆ ಮನೆಗೆ ಬರುವ ಹೊತ್ತಿಗೆ ದೇರಪ್ಪ ಅಂಗಳದಲ್ಲೇ ನಿಂತಿದ್ದ.

"ನೀರು ಬಿಡು."

"ನೀರು ನನ್ನ ಜಾಗದ್ದು."

"ತೊಟ್ಟಿಯಲ್ಲಿ ಕಾಫಿ ನಾರುತ್ತ ಉಂಟು. ಬಿಡು ಅಂದೆ."

"ಬೇಡ ಎಂದವರು ಯಾರು? ತಗೊಂಡು ಹೋಗು," ಎಂದ ಮೊಣ್ಣಪ್ಪ. ಈ ಮಾತನ್ನು ಅವನು ದಾರಿಯುದ್ದಕ್ಕೂ ಹದ ಮಾಡಿಕೊಂಡು ಬಂದಿದ್ದ. "ಆದರೆ ಹರಿಸುವಂತಿಲ್ಲ. ಕೊಡದಲ್ಲಿ ಹೊತ್ತುಕೊಂಡು ಹೋಗಬೇಕು. ಒಂದು ಹನಿ ನನ್ನ ನೆಲ ಮುಟ್ಟಬಾರದು."

ದೇರಪ್ಪನ ಕುತ್ತಿಗೆಯ ನರ ಉಬ್ಬಿತು. ಒಂದು ಕ್ಷಣ ಕೈ ಎತ್ತಿಯೇಬಿಡುತ್ತಾನೆ ಎನ್ನಿಸಿತು. ಬಾಗಿಲಲ್ಲಿ ಸರೋಜ ಕತ್ತಿ ಹಿಡಿದು ನಿಂತಿದ್ದಳು, ಹಸಿರು ಸೊಪ್ಪು ಕೊಯ್ಯಲು ಹೊರಟವಳಂತೆ. ದೇರಪ್ಪ ಹೊರಟು ಹೋದ.

ಸೋಲುವ ಜಾತಿಯಲ್ಲ ಅವನದೂ. ಮಾರನೆಯ ದಿನದಿಂದ ಕೊಯ್ಲಿನ ಹೆಂಗಸರಿಗೆ ಹಣ್ಣು ಕಿತ್ತು ಮುಗಿದ ಮೇಲೆ ನೀರು ಹೊರುವ ಕೆಲಸ. ಒರತೆಯಿಂದ ತುಂಬಿಸಿಕೊಂಡು ಅದೇ ಕಾಲುದಾರಿಯಲ್ಲಿ ಇಳಿಯಬೇಕು, ತೊಟ್ಟಿಗೆ ಸುರಿದು ಮತ್ತೆ ಹತ್ತಬೇಕು. ಕೊಡದ ಮೇಲೆ ಕೊಡ. ತೊಟ್ಟಿ ತುಂಬುವುದೆಂದರೆ ಸುಮ್ಮನೆ ಅಲ್ಲ. ಹೆಗಲು ಮಾಯ್ದು ಮತ್ತೆ ಹೊರತೊಡಗಿದ್ದ ಮೊಣ್ಣಪ್ಪ ಸಂಜೆ ಸೈಕಲ್ಲಿನೊಂದಿಗೆ ಏರುವಾಗ ಅವರು ಸಾಲಾಗಿ ಎದುರಿಗೆ ಇಳಿಯುತ್ತಿದ್ದರು. ಇಕ್ಕಟ್ಟಿನ ದಾರಿ. ಯಾರಾದರೊಬ್ಬರು ಗಿಡದೊಳಗೆ ಸರಿಯಬೇಕಿತ್ತು.

ಒಂದು ಸಂಜೆ ಆಳುಗಳ ಲೈನ್ ಮನೆಯ ಚೋಮಿ ಎಂಬ ನಡುವಯಸ್ಸಿನ ಹೆಂಗಸು ಅವನೆದುರು ಸರಿಯದೆ ನಿಂತಳು. ತಲೆಯ ಮೇಲಿನ ಕೊಡದಿಂದ ನೀರು ತುಳುಕಿ ಮುಖದ ಮೇಲೆ ಇಳಿಯುತ್ತಿತ್ತು.

"ಗೌಡ್ರೆ, ನಿಮಗೂ ಅವರಿಗೂ ಜಗಳ. ನೀವು ಸೈಕಲ್ ಹೊರ್ತೀರಿ, ಅದು ನಿಮ್ಮ ಹಟ. ನಾವು ಯಾರ ಹಟ ಹೊರ್ತಾ ಇದ್ದೇವೆ?"

"ನಾನು ನಿಮ್ಮನ್ನು ಹೊರು ಎಂದೆನಾ? ನಿಮ್ಮ ಧಣಿಯನ್ನು ಕೇಳು."

"ಅವರ ಬಾಯಿ ನಮಗೆ ಗೊತ್ತು. ನಿಮ್ಮದು ಬೇರೆ ಅಂದ್ಕೊಂಡಿದ್ದೆ." ಚೋಮಿ ಕಣ್ಣಿಗೆ ಇಳಿದ ನೀರು ಒರೆಸಿಕೊಂಡಳು. "ಹೊರೋದು ಎಷ್ಟು ನೋವು ಅಂತ ನಿಮಗೆ ಗೊತ್ತುಂಟಲ್ಲ. ಗೊತ್ತಿದ್ದೂ ಮಾಡಿದ್ದೀರಿ. ಅವರಿಗಾದರೂ ಗೊತ್ತಿಲ್ಲ."

ಅಷ್ಟು ಹೇಳಿ ಅವನನ್ನು ಒತ್ತಿಕೊಂಡೇ ಇಳಿದು ಹೋದಳು. ಮೊಣ್ಣಪ್ಪನಿಗೆ ಸಿಟ್ಟು ಬಂತು. ಕೂಲಿಯವಳು ಎದುರು ನಿಂತು ಮಾತಾಡಿದ್ದಕ್ಕೆ ಬಂತು. ಆದರೆ ಏರುತ್ತ ಏರುತ್ತ ಆ ಸಿಟ್ಟಿಗೆ ಕಾಲಿಲ್ಲದಾಯಿತು. ಮನೆ ಮುಟ್ಟಿದವನು ಸೈಕಲ್ಲು ಇಳಿಸಿ, ಗುದ್ದಲಿ ಹುಡುಕಿ, ಕಾಲುವೆಯ ಬಾಯಿಯ ಮಣ್ಣು ಕಿತ್ತ. ನೀರು ಒಂದು ಗಳಿಗೆ ತಡವರಿಸಿ ಹಳೆಯ ದಾರಿ ಹಿಡಿಯಿತು.

ಸರೋಜ ಉರಿದೆದ್ದಳು. "ಅವನು ಬಂದು ಕಾಲು ಹಿಡಿದನಾ?"

"ಇಲ್ಲ."

"ಸೈಕಲ್ಲು ಬಿಡುತ್ತೇನೆ ಎಂದನಾ?"

"ಇಲ್ಲ."

"ಮತ್ತೆ ನನ್ನ ಹೆಗಲ ಚರ್ಮ ಸುಲಿದದ್ದು ಯಾಕೆ?"

ಮೊಣ್ಣಪ್ಪ ಕೈಕಾಲಿನ ಮಣ್ಣು ತೊಳೆಯಲು ಹೊರಟ. ಆ ರಾತ್ರಿ ಅವಳು ಅವನಿಗೆ ಅನ್ನ ಬಡಿಸಿ ಸಾರಿನ ಪಾತ್ರೆಯನ್ನು ದೂರ ಇಟ್ಟಳು, ಬೇಕಾದರೆ ಎದ್ದು ಹಾಕಿಕೊಳ್ಳಲಿ ಎಂದು.

ದೇರಪ್ಪ ಗೆದ್ದೆನೆಂದು ಬೀಗಿದ. ಅಪ್ಪಯ್ಯನ ಕೈಯಲ್ಲಿ ಹೇಳಿ ಕಳಿಸಿದ: "ಕೊನೆಗೂ ಬುದ್ಧಿ ಬಂತಾ ಅಂತ ಕೇಳು." ಅಪ್ಪಯ್ಯ ಬಂದ, ಹೇಳಬೇಕಾದದ್ದನ್ನು ಹೇಳಿದ, ಆದರೆ ಹೋಗಲಿಲ್ಲ. ನೀರು ಹೊತ್ತವರಲ್ಲಿ ಅವನ ಹೆಂಡತಿ ಗಂಗೆಯೂ ಇದ್ದಳು. ಕಾಲುವೆಯನ್ನು ನೋಡುತ್ತ ನಿಂತಿದ್ದವನು, "ನಾಳೆಯಿಂದ ನಾನು ಬೆಳಿಗ್ಗೆ ತೋಟದ ಮೇಲಿನ ಬ್ಲಾಕಿಗೆ ಹೋಗಬೇಕು, ಗೌಡ್ರೆ. ನಿಮ್ಮ ಹಿಂದೆ ಬರಲಿಕ್ಕೆ ಪುರುಸೊತ್ತಿಲ್ಲ," ಎಂದ.

ಮೊಣ್ಣಪ್ಪನಿಗೆ ಅರ್ಥವಾಗಲು ಎರಡು ದಿನ ಬೇಕಾಯಿತು. ಮೂರನೆಯ ದಿನ ತೋಟದ ನಡುವೆ ಸೈಕಲ್ಲನ್ನು ಇಳಿಸಿ ನಿಂತ. ಯಾರೂ ಕೂಗಲಿಲ್ಲ. ಕೊಯ್ಯುವ ಹೆಂಗಸರು ಕೊಯ್ಯುತ್ತಲೇ ಇದ್ದರು. ತಳ್ಳಿದ. ಆಮೇಲೆ ಹತ್ತಿದ. ಬ್ರೇಕಿನ ಮೇಲೆ ಕೈಯಿಟ್ಟು, ರೆಂಬೆಗಳನ್ನು ಮೊಣಕೈಯಲ್ಲಿ ಒತ್ತುತ್ತ ಇಳಿದು ಹೋದ. ತಡಮೆಯ ಮೇಲಿನ ಗಳುವನ್ನು ಯಾರೋ ತೆಗೆದು ಬೇಲಿಗೆ ಒರಗಿಸಿದ್ದರು.

ದೇರಪ್ಪ ಪಾರುಪತ್ತೆಗಾರರನ್ನು ತೋಟಕ್ಕೇ ಕರೆತಂದ. ಅಪ್ಪಯ್ಯನನ್ನು ಕರೆದು, "ಹೇಳು," ಎಂದ.

"ನಾನು ಆ ಹೊತ್ತಿಗೆ ಮೇಲಿನ ಬ್ಲಾಕಲ್ಲಿ ಇರ್ತೇನೆ, ಸ್ವಾಮಿ. ಕಾಣಲಿಲ್ಲ."

ಚೋಮಿಯನ್ನು ಕರೆದರು. ಅವಳು ಬೆರಳಿನ ಕಾಫಿ ಅಂಟನ್ನು ಸೆರಗಿಗೆ ಒರೆಸುತ್ತ, "ಹಣ್ಣು ನೋಡಲಾ, ಗಾಲಿ ನೋಡಲಾ?" ಎಂದಳು. ಮಿಕ್ಕವರನ್ನೂ ಕೇಳಿದರು. ಒಬ್ಬರೂ ಕಂಡಿರಲಿಲ್ಲ.

"ನೆಲ ನೋಡಿ!" ದೇರಪ್ಪ ಕೂಗಿದ. "ಗುರುತು ಎದ್ದು ಕಾಣುತ್ತ ಉಂಟು!"

ಪಾರುಪತ್ತೆಗಾರರು ನೆಲ ನೋಡಿದರು. ಹಸಿ ಮಣ್ಣಿನ ಮೇಲೆ ಉದ್ದಕ್ಕೆ ಒಂದು ಗೆರೆ. "ಕೇರೆ ಹಾವು ಹೋದರೂ ಹೀಗೇ ಗೆರೆ ಬೀಳುತ್ತದೆ ದೇರಪ್ಪನವರೆ," ಎಂದು ಹೇಳಿ, ಇನ್ನೊಮ್ಮೆ ಈ ಸೈಕಲ್ಲಿನ ವಿಷಯಕ್ಕೆ ತನ್ನನ್ನು ಕರೆಯಬಾರದೆಂದು ಎಚ್ಚರಿಸಿ ಹೊರಟರು.

ಅಪ್ಪಯ್ಯನನ್ನು ಬಿಡಿಸಬೇಕೆಂದು ದೇರಪ್ಪ ಹಾರಾಡಿದ. ಕೊಯ್ಲಿನ ನಡುವೆ ಮೇಸ್ತ್ರಿಯನ್ನು ಬಿಡಿಸಿದರೆ ಆಳುಗಳೂ ಅವನ ಹಿಂದೆ ಹೋಗುತ್ತಾರೆಂದು ಬೋಜಮ್ಮ ಒಳಗಿಂದ ಹೇಳಿದ ಮೇಲೆ ಸುಮ್ಮನಾದ. ಸರೋಜಳಿಗೆ ಇದು ಯಾವುದೂ ಸಮಾಧಾನ ತರಲಿಲ್ಲ. "ನೀವು ಗೆದ್ದದ್ದಲ್ಲ. ಅವರು ಗೆಲ್ಲಿಸಿದ್ದು," ಎಂದು ಗಂಡನಿಗೆ ಆಗಾಗ ಚುಚ್ಚುತ್ತಿದ್ದಳು.

ಕೊಡಗು ರಾಜ್ಯ ಮೈಸೂರಿಗೆ ಸೇರಿತು, ಪಾರುಪತ್ತೆಗಾರರು ಹೋದರು, ಮಂಡಿಯ ಯಜಮಾನ ಬದಲಾದ. ಬೋಳು ಸೈಕಲ್ಲು ಮಾತ್ರ ಓಡುತ್ತಲೇ ಇತ್ತು. ಮೊಣ್ಣಪ್ಪ ಅದಕ್ಕೆ ಟಯರು ಹಾಕಿಸಿದ್ದು, ಚೈನಿಗೆ ಎಣ್ಣೆ ಬಿಟ್ಟದ್ದು, ಬ್ರೇಕಿನ ರಬ್ಬರು ಬದಲಿಸಿದ್ದು ಬಿಟ್ಟರೆ ಬೇರೇನೂ ಮಾಡಬೇಕಾಗಿ ಬರಲಿಲ್ಲ. ದಾಯಾದಿಗಳ ನಡುವೆ ಮಾತು ಹುಟ್ಟಲೂ ಇಲ್ಲ. ಆ ಕಾಲುದಾರಿಯಲ್ಲಿ ಇಬ್ಬರೂ ಎದುರಾದರೆ ದೇರಪ್ಪ ನಡುದಾರಿಯಲ್ಲೇ ನಡೆದು ಬರುತ್ತಿದ್ದ, ಒಂದು ಗೇಣು ಪಕ್ಕಕ್ಕೆ ಸರಿಯುತ್ತಿರಲಿಲ್ಲ. ಮೊಣ್ಣಪ್ಪ ಸೈಕಲ್ಲಿನಿಂದ ಇಳಿದು, ಕಾಫಿ ಗಿಡದೊಳಗೆ ಸರಿದು ಅವನಿಗೆ ದಾರಿ ಬಿಡಬೇಕಿತ್ತು, ಬಿಡುತ್ತಿದ್ದ. ದಾಟಿ ಹೋದ ಮೇಲೆ ಹತ್ತಿ ಕೂತು, ಮುಂದೆ ಒಂದು ನರಪಿಳ್ಳೆ ಇಲ್ಲದಿದ್ದರೂ, ತಿರುವಿನವರೆಗೂ ಬಿಡದೆ ಬೆಲ್ಲು ಬಾರಿಸುತ್ತಿದ್ದ.